ಟಾಯರಿನ ಚಕ್ಕಡಿ

ವರ್ಷಕ್ಕೊಮ್ಮೆ ನಾವು ಮನೆಮಂದಿಯೆಲ್ಲ ಕಮಾನು ಕಟ್ಟಿದ ಎತ್ತಿನ ಚಕ್ಕಡಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಊಟ, ನಿದ್ದೆ ಎಲ್ಲ ಅದರೊಳಗೇ. ಎಂಬತ್ತರ ದಶಕದ ಒಂದು ವರ್ಷ ಅಪ್ಪನಿಗೆ ಅದನ್ನು ಸುಧಾರಿಸುವ ಹುಚ್ಚು ಹತ್ತಿತು. ಕಮಾನಿಗೆ ತಾನೇ ತಾಡಪಾಲು ಹೊಲಿದ, ನೀರಿನ ಕೊಡಗಳು ಅಲುಗದಂತೆ ಒಳಗೆ ಹಲಗೆ ಬಡಿದ, ಕೊನೆಗೆ ಕಟ್ಟಿಗೆಯ ಗಾಲಿಗಳನ್ನು ಕಿತ್ತು ಟಾಯರು ಹಾಕಿದ.

“ಬ್ರೇಕ್ ಹಾಕ್ಸಪಾ, ದಾರ್ಯಾಗ ಇಳಕಲ ಐತಿ,” ಅಂದಳು ಅಜ್ಜಿ.

“ಇಷ್ಟ ವರ್ಷ ಬ್ರೇಕ್ ಇಲ್ದನ ಇಳದಿಲ್ಲೇನ ಬೇ?” ಅಂದ ಅಪ್ಪ.

ಇಳಿದಿದ್ದೆವು, ನಿಜ. ಕಟ್ಟಿಗೆಯ ಗಾಲಿ ತಾನೇ ತಡೆದು ತಡೆದು ಇಳಿಯುತ್ತಿತ್ತು. ಟಾಯರಿಗೆ ಆ ಮರ್ಯಾದೆ ಎಲ್ಲಿಯದು? ಆ ವರ್ಷ ದಾರಿಯ ಇಳಿಜಾರಿನಲ್ಲಿ ಗಾಡಿ ಎತ್ತುಗಳನ್ನೇ ದೂಡಿಕೊಂಡು ಓಡಿತು. ಎಡಗಡೆಯದು ಮುಗ್ಗರಿಸಿ ಬಿತ್ತು. ಗಾಲಿ ಅದರ ಹಿಂಗಾಲಿನ ಮೇಲೆ ಹತ್ತಿ ನಿಂತಿತು. ಮೂಳೆ ಹೊರಗೆ ಬಂದಿತ್ತು.

ಒಳಗೆ ನಮಗೊಂದು ಗೀರೂ ಆಗಿರಲಿಲ್ಲ. ಅಪ್ಪ ಬಡಿದ ಹಲಗೆಯಲ್ಲಿ ಕೊಡಗಳು ನೆಟ್ಟಗೇ ಕೂತಿದ್ದವು.

“ಎಲ್ಲಾರೂ ಆರಾಮ ಅದೀರಿಲ್ಲೊ?” ಅಪ್ಪ ಇಣುಕಿ ಕೇಳಿದ.

ಅಷ್ಟರಲ್ಲಿ ಕೆಳಗಿಳಿದಿದ್ದ ಅಜ್ಜಿ, ಕರುವಾಗಿದ್ದಾಗಿನಿಂದ ತಾನೇ ಸಾಕಿದ ಆ ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ನಿನ್ನ ಗಾಡಿಗಿ ಏನೂ ಆಗಿಲ್ಲ ನೋಡಪಾ,” ಅಂದಳು.