ಎರಡು ನಿಮಿಷ ನಲವತ್ತು ಸೆಕೆಂಡ್

ಪೀಣ್ಯದ ಆ ಕಾರ್ಖಾನೆಯಲ್ಲಿ ಯಾರನ್ನೇ ಕೇಳಿ, ಒಂದೇ ಉತ್ತರ: ‘ಟೈಮ್ ಜಾಸ್ತಿ ತಗೊಂಡ್ಬಿಟ್ರು, ಅದಕ್ಕೇ ರಂಗಪ್ಪಂಗೆ ಪ್ರೈಜ್ ಬರ್ಲಿಲ್ಲ.’ ನೋಟಿಸ್ ಬೋರ್ಡಿನಲ್ಲೂ ಹಾಗೇ ಹಾಕಿದ್ದಾರೆ.

ಸುಳ್ಳು. ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು.

ಕಳೆದ ವಾರ ಅಲ್ಲಿ ಸುರಕ್ಷತಾ ಸಪ್ತಾಹ. ಕಾರ್ಮಿಕರಿಗೆ ಭಾಷಣ ಸ್ಪರ್ಧೆ, ತಲಾ ಮೂರು ನಿಮಿಷ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡ ಪುಣ್ಯಕ್ಕೆ ನಾನು ತೀರ್ಪುಗಾರ್ತಿ. (ಮನೆಯಲ್ಲಿ ನನ್ನ ವಾದಕ್ಕೆ ಬೈಗುಳ ಸಿಗುತ್ತದೆ, ಹೊರಗೆ ಶಾಲು.) ಪಕ್ಕದಲ್ಲಿ ಇನ್ನೊಬ್ಬ ತೀರ್ಪುಗಾರರು, ಎಚ್‌ಆರ್ ಮ್ಯಾನೇಜರ್ ಪ್ರಸಾದ್.

ಮೊದಲ ಎಂಟು ಭಾಷಣವೂ ಒಂದೇ ಭಾಷಣ. ‘ಸುರಕ್ಷತೆಯೇ ನಮ್ಮ ಉಸಿರು.’ ಸ್ಟೋರ್ಸ್‌ನ ಹರೀಶ್ ಅಂತೂ ಹೆಲ್ಮೆಟ್ ಹಾಕಿಕೊಂಡೇ ವೇದಿಕೆ ಹತ್ತಿದರು. ಅದರ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿರಲಿಲ್ಲ.

ಒಂಬತ್ತನೆಯವರು ರಂಗಪ್ಪ. ಮಾದನಾಯಕನಹಳ್ಳಿಯವರು, ಹತ್ತೊಂಬತ್ತು ವರ್ಷದಿಂದ ಪ್ರೆಸ್ ಆಪರೇಟರ್. ತಗಡು ಒತ್ತುವ ಆ ಯಂತ್ರಕ್ಕೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಕೆಳಗಿಳಿಯಬೇಕು. ಯಾಕೆ? ಎರಡೂ ಕೈ ಬಟನ್ ಮೇಲಿದ್ದರೆ ಯಾವ ಕೈಯೂ ಪ್ರೆಸ್ಸಿನ ಕೆಳಗಿರುವುದಿಲ್ಲ.

“ನನ್ನ ಮಿಷನ್ನಾಗೆ ಒಂದು ಬಟನ್ನಿಗೆ ಟೇಪ್ ಸುತ್ತಿವ್ನಿ,” ಅಂದರು ರಂಗಪ್ಪ. “ಅದು ಯಾವಾಗ್ಲೂ ಒತ್ತಿದಂಗೇ ಇರ್ತದೆ. ಒಂದು ಕೈಯಾಗೆ ಬಟನ್ನು, ಇನ್ನೊಂದು ಕೈಯಾಗೆ ತಗಡು. ಇಂಗೆ ಮಾಡ್ದೆ ಇದ್ರೆ ಟಾರ್ಗೆಟ್ ಆಗಾಕಿಲ್ಲ. ನಮ್ ಲೈನಿನ ಎಂಟು ಪ್ರೆಸ್ಸೂ ಅಂಗೇ. ಟೇಪ್ ಎಲ್ಲಿಂದ ಬತ್ತದೆ ಅಂತೀರಾ? ಹರೀಶಣ್ಣನ್ನ ಕೇಳಿ, ಈಗ್ತಾನೆ ಮಾತಾಡಿದ್ರಲ್ಲ!”

ಇಡೀ ಶೆಡ್ ಬಿದ್ದು ಬಿದ್ದು ನಕ್ಕಿತು. “ಸಕ್ಕತ್ ಗುರೂ!” ಎಂದು ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಹರೀಶ್ ಹೆಲ್ಮೆಟ್ಟನ್ನು ಕಣ್ಣಿನವರೆಗೆ ಎಳೆದುಕೊಂಡರು.

ರಂಗಪ್ಪ ಎರಡೂ ಕೈ ಎತ್ತಿ ತೋರಿಸಿದರು. “ಹತ್ತೂ ಬೆಳ್ಳು ಇನ್ನೂ ಅವೆ. ಅದಕ್ಕೇ ಈಗ್ಲೇ ಯೋಳ್ತಾ ಇವ್ನಿ.”

ಎರಡು ನಿಮಿಷ ನಲವತ್ತು ಸೆಕೆಂಡ್. ನಾನು ಹತ್ತಕ್ಕೆ ಒಂಬತ್ತು ಬರೆದೆ.

ಪ್ರಸಾದ್ ನನ್ನ ಹಾಳೆಯತ್ತ ಬಗ್ಗಿದರು. “ಮೇಡಂ, ಕಂಟೆಂಟ್ ಸೂಪರ್. ಆದ್ರೆ ಮೆಸೇಜ್ ಪಾಸಿಟಿವ್ ಆಗಿರ್ಬೇಕಲ್ವಾ?”

“ಬೆರಳು ಉಳಿಯೋದಕ್ಕಿಂತ ಪಾಸಿಟಿವ್ ಏನಿದೆ ಸಾರ್?”

ನಕ್ಕರು. ನಕ್ಕು, ಮೈಕ್ ಹಿಡಿದು, ಪ್ರಥಮ ಬಹುಮಾನದ ಫ್ಲಾಸ್ಕ್ ಹರೀಶ್‌ಗೆ ಎಂದರು. ರಂಗಪ್ಪ ಸಮಯ ಮೀರಿದ್ದರಿಂದ ಪರಿಗಣಿಸಿಲ್ಲ ಎಂದೂ ಸೇರಿಸಿದರು.

ಆಗ ನಾನೇನು ಮಾಡಿದೆ? ಎದ್ದು ನಿಂತೆನೇ? ಇಲ್ಲ. ಅಷ್ಟರಲ್ಲಿ ಹೆಗಲ ಮೇಲೆ ಶಾಲು, ಕೈಗೆ ಹಣ್ಣಿನ ಬುಟ್ಟಿ ಬಂದಿತ್ತು. (ಎರಡೂ ಕೈ ಬ್ಯುಸಿ ಇದ್ದರೆ ಯಾರಿಗೂ ಅಪಾಯವಿಲ್ಲ, ನೋಡಿ.)

ಊಟದ ಸಾಲಿನಲ್ಲಿ ರಂಗಪ್ಪನವರ ಹತ್ತಿರ ಸಾರಿ ಕೇಳಿದೆ. “ಬಿಡಿ ಮೇಡಂ, ಫ್ಲಾಸ್ಕ್ ತಾನೇ? ನಮ್ಮನೇಲಿ ಮೂರವೆ,” ಎಂದು ಇನ್ನೊಂದು ಹಪ್ಪಳ ಹಾಕಿಸಿಕೊಂಡರು.

ಸೋಮವಾರ ಅವರಿಂದಲೇ ಫೋನ್. ಮೆಮೋ ಬಂದಿದೆ! ಸುರಕ್ಷತಾ ಸಾಧನ ಕೆಡಿಸಿದ್ದನ್ನು ಭಾಷಣದಲ್ಲಿ ಒಪ್ಪಿಕೊಂಡಿದ್ದೀರಿ, ಮೂರು ದಿನದಲ್ಲಿ ಸಮಜಾಯಿಷಿ ಕೊಡಿ, ಇಲ್ಲವಾದರೆ ಸಸ್ಪೆಂಡ್.

“ತಮಾಸೆಗೆ ಯೋಳ್ದೆ ಅಂತ ಬರ್ಕೊಟ್ರೆ ಬಿಟ್ಬುಡ್ತಾರಂತೆ ಮೇಡಂ.”

“ಬರ್ಕೊಡ್ತೀರಾ?”

“ನಾಳೆ ಯಾರ್ದಾದ್ರೂ ಬೆಳ್ಳು ಕಟ್ ಆದ್ರೆ, ಅದೂ ತಮಾಸೆ ಅನ್ನಾಕಾಯ್ತದಾ?”

ಡಿಬೇಟ್ ಮಾಡಿದವರಿಗೆ ಇದು ಸುಲಭದ ಲೆಕ್ಕ. ರಂಗಪ್ಪ ಹೇಳಿದ್ದು ಸುಳ್ಳಾದರೆ ಮೆಮೋ ಯಾಕೆ? ನಿಜವಾದರೆ, ಸುರಕ್ಷತೆಯ ಬಹುಮಾನ ಮತ್ತಿನ್ಯಾರಿಗೆ? ನಾವು ಕರೆದು ವೇದಿಕೆ ಹತ್ತಿಸುತ್ತೇವೆ, ಕೈಗೆ ಮೈಕ್ ಕೊಡುತ್ತೇವೆ. ನಿಜ ಬಾಯಿಗೆ ಬಂದ ಕೂಡಲೇ ಗಡಿಯಾರ ನೋಡುತ್ತೇವೆ.

ರಂಗಪ್ಪ ತಮಾಷೆ ಎಂದು ಬರೆಯಲಿಲ್ಲ. ಅವರ ಸಮಜಾಯಿಷಿಯ ಜೊತೆ ನನ್ನದೂ ಒಂದು ಹಾಳೆ ಸೇರಿದೆ: ಎರಡು ನಿಮಿಷ ನಲವತ್ತು ಸೆಕೆಂಡ್, ಕೆಳಗೆ ನನ್ನ ಸಹಿ. ತಡವಾಯಿತು, ಒಪ್ಪುತ್ತೇನೆ. ಶಾಲು ವಾಪಸ್ ಕೊಟ್ಟೆ. ಹಣ್ಣು ತಿಂದಾಗಿತ್ತು.

ಕೊಡುವಾಗ ಪ್ರಸಾದ್ ಅವರನ್ನು ಕೇಳಿದ್ದು ಇಷ್ಟೇ: “ಮೆಮೋ ಟೈಪ್ ಮಾಡ್ಸೋಕೆ ಟೈಮ್ ಸಿಕ್ತಲ್ಲ ಸಾರ್, ಆ ಎಂಟು ಟೇಪ್ ಬಿಚ್ಚಿಸಿದ್ರಾ?”