ನನ್ನ ಹೆಂಡತಿಯ ಎಡಗಾಲು

ಕಳೆದ ಸೋಮವಾರ ಬೆಳಿಗ್ಗೆ ಬಕೆಟ್ ಎತ್ತಲು ಬಗ್ಗಿದೆ. ಮತ್ತೆ ನೆಟ್ಟಗಾಗಲಿಲ್ಲ. ಸೊಂಟಕ್ಕೆ ಚಳಕು ಹಿಡಿದಿತ್ತು.

ಗೋಕಾಕದ ಡಾಕ್ಟರು ಗುಳಿಗೆ ಕೊಟ್ಟು, ಮಲಗಿರಿ ಎಂದರು. ಮಲಗಿದೆ. ಗುಳಿಗೆಯ ಮಂಪರು, ಕಿಟಕಿಯಲ್ಲಿ ತೂಗುವ ಬೇವಿನ ನೆರಳು. (ಎಪ್ಪತ್ತಾರಕ್ಕೆ ಹಗಲುಗನಸು ಕಾಣಲು ಯಾರ ಅಪ್ಪಣೆ ಬೇಕು?) ಅಷ್ಟರಲ್ಲಿ ತಮ್ಮನ ಮಗಳು ಸವಿತಾಳ ವಿಡಿಯೋ ಕಾಲ್. ಐರ್ಲೆಂಡಿನಲ್ಲಿ ನರ್ಸ್ ಅವಳು. ಫೋನಿನ ತುಂಬ ಹಸಿರು, ಮಂಜು.

ನನ್ನ ಅವಸ್ಥೆ ನೋಡಿ ನಕ್ಕು, ಅಲ್ಲಿಯ ಮುದುಕರ ಮನೆಮದ್ದು ಹೇಳತೊಡಗಿದಳು. ಕೀಲುನೋವಿಗೆ ಕಿಸೆಯಲ್ಲಿ ಬಟಾಟೆ ಇಟ್ಟುಕೊಂಡು ತಿರುಗುತ್ತಿದ್ದರಂತೆ. ತುರಿಕೆ ಗಿಡ ತಾಗಿದರೆ ಅದರ ಬಾಜೂಕೇ ಬೆಳೆಯುವ ಅಗಲ ಎಲೆ ತಿಕ್ಕುವುದಂತೆ. ಏಳನೇ ಮಗನಾಗಿ ಹುಟ್ಟಿದವನು ಮುಟ್ಟಿದರೆ ಹುಳುಕಡ್ಡಿ ವಾಸಿಯಂತೆ. ದೂರದಿಂದ ಜನ ಬರುತ್ತಾರೆ, ಆ ಮನೆಯವರಿಗೆ ಅದೊಂದು ಹೆಮ್ಮೆ ಎಂದಳು.

ಹೆಮ್ಮೆ. ಚಳಕಿಗಿಂತ ಆಳಕ್ಕೆ ಹೋಯಿತು ಆ ಮಾತು.

ನನ್ನ ಹೆಂಡತಿ ಶಾಂತವ್ವ, ಹುಕ್ಕೇರಿ ಕಡೆಯವಳು, ಕಾಲು ಮುಂದಾಗಿ ಹುಟ್ಟಿದವಳು. ಅಂಥವರನ್ನು ನಾವು ಪಾಯಾಳು ಅನ್ನುತ್ತೇವೆ. ಅವರು ಎಡಗಾಲನ್ನು ಮೂರು ಸಲ ತಾಗಿಸಿದರೆ ಹಿಡಿದುಕೊಂಡ ಬೆನ್ನು ಬಿಡುತ್ತದೆಂದು ನಂಬಿಕೆ. ಮದುವೆಯ ಹೊಸದರಲ್ಲಿ ಮೂಡಲಗಿಯ ನಮ್ಮ ಅಂಗಳದಲ್ಲಿ ನಸುಕಿಗೇ ಜನ. ಅವಳು ಕಾಲು ತೊಳೆದು ಬರುತ್ತಿದ್ದಳು. ಕಲ್ಲಿನ ಮೇಲೆ ಹಸಿ ಹೆಜ್ಜೆ, ಕಾಲುಂಗುರದ ಸಣ್ಣ ಸದ್ದು, ಬೋರಲು ಮಲಗಿದವನ ಬೆನ್ನ ಮೇಲೆ ನೀರಿಗೆ ಎಲೆ ಇಳಿದಂಥ ಸ್ಪರ್ಶ. ಈಗಲೂ ಕಣ್ಣು ಮುಚ್ಚಿದರೆ ಆ ಬೆಳಗು ಹಾಗೇ ಇದೆ.

ನಾನೋ, ಹೈಸ್ಕೂಲು ಮುಗಿಸಿ ಕಾರಕೂನನಾದವನು. ಕಚೇರಿಯ ಜೊತೆಗಾರನೊಬ್ಬ ಎಲ್ಲರೆದುರು ಕೇಳಿದ: "ಏನ್ರಿ, ನಿಮ್ಮ ಮನ್ಯಾಗ ಒದಿಸ್ಕೊಳ್ಳಾಕ ಪಾಳಿ ಹಚ್ಚಬೇಕಂತಲ್ರಿ?"

ಮರುದಿನ ನಾಗನೂರಿನ ರೈತನೊಬ್ಬ ಚಕ್ಕಡಿಯಲ್ಲಿ ಮಲಗಿಕೊಂಡು ಬಂದ. ನಮ್ಮ ಮಗಳಿಗೆ ಆಗಿನ್ನೂ ಮೂರು ತಿಂಗಳು. ಬಾಗಿಲಲ್ಲೇ ನಿಂತು, ಹಡೆದ ಮೇಲೆ ಅವಳ ಕಾಲಿನ ಗುಣ ಹೋಯಿತು ಎಂದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಅಷ್ಟೇ. ಸುದ್ದಿ ಹಬ್ಬಿ ಅಂಗಳ ಖಾಲಿಯಾಯಿತು. ಐವತ್ತು ವರ್ಷ ಅವಳು ಆ ಮಾತು ಎತ್ತಲಿಲ್ಲ. ಕಾಲಿಗೆ ಗುಣವಿತ್ತೋ ಇಲ್ಲವೋ, ನನಗೇನು ಗೊತ್ತು? ನಾನು ಹೇಳಿದ್ದು ಸುಳ್ಳೆಂಬುದು ಮಾತ್ರ ಗೊತ್ತು.

ಸವಿತಾಳ ಫೋನ್ ಇಟ್ಟು ಶಾಂತವ್ವನನ್ನು ಕರೆದೆ. ಒಮ್ಮೆ ಕಾಲು ತಾಗಿಸುತ್ತೀಯಾ ಎಂದೆ.

"ಹಡದ ಮ್ಯಾಲ ಹೋಗೈತಿ ಅಂತ ನೀವ ಹೇಳಿದ್ರಿ."

ಸುಳ್ಳಾಡಿದ್ದೆ, ತಪ್ಪಾಯಿತು ಎಂದೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತಲೇ ಇದ್ದಳು.

"ನನಗ ಹೇಳಿ ಏನ್ ಮಾಡ್ತೀರಿ? ನನಗ ಅವತ್ತ ಗೊತ್ತಿತ್ತು. ಊರಿಗೆ ಸುಳ್ಳ ಹೇಳಿದ್ರಿ, ಊರಿಗೇ ಖರೆ ಹೇಳ್ರಿ. ವಾರಾ ವಾರಾ ಪೇಪರಿನ್ಯಾಗ ಮಂದಿಗೆ ಬುದ್ಧಿ ಹೇಳ್ತೀರಲ್ಲ, ಅದರಾಗ ಬರೀರಿ. ಅಚ್ಚಾಗಿ ಬರ್ಲಿ, ಆಮ್ಯಾಲ ನೋಡೂಣು."

ಬರೆದಿದ್ದೇನೆ. ಇವತ್ತು ಅವಳು ಕನ್ನಡಕ ಹಾಕಿಕೊಂಡು ಇದನ್ನು ಓದುವಾಗ ನಾನು ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿರುತ್ತೇನೆ. ಓದಿ ಇತ್ತ ಬರುತ್ತಾಳೆಯೇ, ಇಲ್ಲ ಪುಟ ತಿರುವುತ್ತಾಳೆಯೇ?