ಫಕ್ಕೀರವ್ವನ ದನಿಯಲ್ಲಿ ನಾನು ಆಡಿದ ಮಾತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಫಕ್ಕೀರವ್ವ ಎಂದೂ ಆಡದ ಮಾತನ್ನು ಅವಳದೇ ದನಿಯಲ್ಲಿ ಆಡಿದವನು ನಾನು. ಕಂಡವರ ದನಿ ತೆಗೆಯುವುದು ನನಗೆ ಬರುವ ಒಂದೇ ವಿದ್ಯೆ. ಮೇಷ್ಟ್ರು, ಕಂಡಕ್ಟರು, ನಮ್ಮಪ್ಪನ ಕೆಮ್ಮು, ಯಾವುದನ್ನೂ ಬಿಟ್ಟಿಲ್ಲ. ಇದನ್ನು ಕೇಳಿಯೇ ಬೀಜದ ಕಂಪನಿಯೊಂದರ ಆಫೀಸಿನವರು ನನ್ನನ್ನು ವಿಡಿಯೋ ಕೆಲಸಕ್ಕೆ ಕರೆದಿದ್ದರು. ಹಿರೇಕೆರೂರು ಕಡೆ ಹೊಲದಲ್ಲಿ ಬಿಳಿ ನೆಟ್ ಕಟ್ಟಿ, ಅದರೊಳಗೆ ಹೆಂಗಸರು ಟೊಮ್ಯಾಟೊ ಹೂವಿಗೆ ಹೂವು ಕೂಡಿಸಿ ಬೀಜ ಮಾಡುತ್ತಾರೆ. ಆ ಬೀಜ ಪರದೇಶಕ್ಕೆ ಹೋಗುತ್ತದೆ. ಇಲ್ಲಿ ನೆಲ, ನೀರು, ಆಳು ಎಲ್ಲವೂ ಚೆನ್ನಾಗಿವೆ ಎಂದು ಕೊಳ್ಳುವವರಿಗೆ ತೋರಿಸಬೇಕಿತ್ತು. ಆಫೀಸಿನ ಸಾಹೇಬರು ಅದನ್ನು ‘ಸುಸ್ಥಿರ ಅಭಿವೃದ್ಧಿ’ ಎನ್ನುತ್ತಿದ್ದರು, ಬಾಯಲ್ಲಿ ಬಿಸಿ ಮಿರ್ಚಿ ಇಟ್ಟುಕೊಂಡವರ ಹಾಗೆ.

ಕ್ಯಾಮೆರಾ ಮುಂದೆ ಹೆಂಗಸರನ್ನು ನಗಿಸಿ ಮಾತಾಡಿಸುವುದು ನನ್ನ ಪಾಲಿನ ಕೆಲಸ. ನಿಮಗೇನು ಬೇಕು ಎಂದು ಕೇಳಿದೆ. ಮೊದಲೇ ಎಲ್ಲರೂ ಕೂಡಿ ಮಾತಾಡಿಕೊಂಡಿದ್ದರೆಂದು ಕಾಣುತ್ತದೆ, ಫಕ್ಕೀರವ್ವ ಎದ್ದುನಿಂತಳು.

“ನಮಗೊಂದು ಪಾಯಖಾನಿ ಬೇಕ್ರಿ. ಸಾವ್ಕಾರ್ರ ಮನಿದು ಅಲ್ಲೇ ಐತಿ, ನಮಗ ಅದರ ಬಾಗ್ಲಾ ತೆಗ್ಯಂಗಿಲ್ಲ.”

ನೆಟ್‌ನ ಒಡೆಯರಾದ ಸಾವ್ಕಾರರು ಮಗ್ಗುಲಲ್ಲೇ ನಿಂತು ಕೇಳಿಸಿಕೊಂಡರು.

ವಾರದ ಮೇಲೆ ಶಿಗ್ಗಾಂವಿಯ ಸ್ಟುಡಿಯೋದಲ್ಲಿ, ಗಾಳಿಗೆ ಆಕೆಯ ಮಾತಿನ ರೆಕಾರ್ಡಿಂಗ್ ಕೆಟ್ಟಿದೆ ಎಂದು ಆಫೀಸಿನವರು ಹೇಳಿದರು. ಆ ದಿನ ಎಲೆಯೂ ಅಲ್ಲಾಡಿರಲಿಲ್ಲ. ಆದರೂ ಅವರು ಬರೆದುಕೊಟ್ಟ ಸಾಲನ್ನು ಆಕೆಯ ದನಿ ತೆಗೆದು ಓದಿದೆ: “ನಮಗ ಯಾ ಕೊರತೀನೂ ಇಲ್ರಿ, ಎಲ್ಲಾರೂ ಒಂದ ಮನಿ ಮಂದಿ ಇದ್ದಂಗ.” ಹೂವು ಹಿಡಿದ ಆಕೆಯ ಕೈಗಳ ಚಿತ್ರದ ಮೇಲೆ ಆ ದನಿ ಸರಿಯಾಗಿ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿಕೊಂಡೆ.

ಎರಡು ತಿಂಗಳಾದ ಮೇಲೆ ಅದೇ ನೆಟ್‌ನಲ್ಲಿ ದುಡಿಯುವ ಮಾಬೂಬಿ ಫೋನು ಮಾಡಿದಳು. ವಿಡಿಯೋ ಊರವರ ಮೊಬೈಲಿಗೆಲ್ಲ ಬಂದಿತ್ತು. “ಫಕ್ಕೀರವ್ವ ನಮ್ಮ ಮುಂದ ಪಾಯಖಾನಿ ಕೇಳಿ, ಹಿಂದಿಂದ ಸಾವ್ಕಾರ್ರ ಕಡೆ ಆಗ್ಯಾಳ ಅಂತ ಯಾರೂ ಆಕಿ ಜೋಡಿ ಕುಂತು ಉಣ್ಣಾಕತ್ತಿಲ್ಲ. ನೀ ಅಲ್ಲೇ ಇದ್ದೆಲ್ಲ, ಆಕಿ ಹಂಗ ಅಂದದ್ದು ಖರೇ ಏನು?”

ಮರುದಿನ ಬೆಳಿಗ್ಗೆ ಏಳಕ್ಕೆ ನಮ್ಮೂರು ಸವಣೂರಿನಿಂದ ಹೊರಟೆ. ಕೈಯಲ್ಲಿ ಅರ್ಧ ಕಿಲೋ ಖಾರ, ಚಹಾದ ಜೋಡಿ ತಿನ್ನುವ ಕುರುಕಲು. ತಪ್ಪೊಪ್ಪಿಗೆಗೆ ಖಾರದ ಪೊಟ್ಟಣ ಒಯ್ಯುವ ಜಾಣ ಈ ಜಿಲ್ಲೆಗೆ ನಾನೊಬ್ಬನೇ ಇರಬೇಕು. ಬಸ್ಸಿನಲ್ಲಿ ವೀಳ್ಯದೆಲೆಯ ಪೆಂಡಿಗಳು, ಅವುಗಳ ನಡುವೆ ಬಿಟ್ಟಿ ಟಿಕೆಟ್ಟಿನ ಹೆಂಗಸರು, ಒಂದು ಕಾಲಿನ ಮೇಲೆ ನಾನು. ಕಂಡಕ್ಟರನ ದನಿಯಲ್ಲಿ “ಹಿಂದ ಸರೀರಿ” ಎಂದೆ, ನಾಲ್ವರು ಸರಿದರು. ಕಂಡಕ್ಟರೂ ಸರಿದ. ನಾಚಿಕೆಪಡಲು ಹೊರಟವನ ಚಾಳಿ ಹೀಗಿತ್ತು.

ಶಿಗ್ಗಾಂವಿಯಲ್ಲಿ ಇಳಿದು ಸ್ಟುಡಿಯೋದವನಿಗೆ ಆ ಸಾಲು ಅಳಿಸಲು ಹೇಳಿದೆ. ಅವನು ಚಹಾ ತರಿಸಿದ. “ಅದು ಸಮುದ್ರ ದಾಟಿ ಹೋಗೇತೋ ಮಾರಾಯ. ನಾ ಇಲ್ಲಿ ಅಳಸಿದ್ರ ಅಲ್ಲಿ ಅಳಸ್ತೈತೇನು?” ಚಹಾ ಕುಡಿದು ಹಾನಗಲ್ಲಿನ ಬಸ್ಸು ಹತ್ತಿದೆ.

ಹಾನಗಲ್ಲಿನಲ್ಲಿ ಹಿರೇಕೆರೂರಿನ ಬಸ್ಸಿಗೆ ಮುಕ್ಕಾಲು ತಾಸು ಕಾಯಬೇಕಾಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಮಂಡಕ್ಕಿ ಮಿರ್ಚಿ ತಿಂದು, ಒಂದು ಬಾಟಲಿ ನೀರು ಗಟಗಟ ಕುಡಿದು, ನಿಲ್ದಾಣದ ಶೌಚಾಲಯಕ್ಕೆ ಹೋಗಿಬಂದೆ. ಕೈ ತೊಳೆಯುವಾಗ ಹೊಳೆಯಿತು, ಬೆಳಗಿನಿಂದ ಎಷ್ಟು ನೀರು ಕುಡಿದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಮುಂದಿನ ದಾರಿಯಲ್ಲಿ ಭತ್ತದ ಗದ್ದೆ ಬಂತು, ಗೋವಿನಜೋಳ ಬಂತು. ಯಾರ ದನಿಯನ್ನೂ ತೆಗೆಯಲಿಲ್ಲ.

ಹಿರೇಕೆರೂರಿನಿಂದ ಟಂಟಂ ಆಟೋ ಹಿಡಿದು ಹೊಲ ಮುಟ್ಟಿದಾಗ ಊಟದ ಹೊತ್ತು. ಹೆಂಗಸರು ನೆಟ್‌ನ ಹೊರಗೆ ಬುತ್ತಿ ಬಿಚ್ಚಿದ್ದರು. ಬೇವಿನ ಗಿಡದ ಆಚೆ ಬದಿಗೆ ಫಕ್ಕೀರವ್ವ ಒಬ್ಬಳೇ ಕುಳಿತಿದ್ದಳು; ಬೆರಳಲ್ಲಿ ಹೂವು ಕೂಡಿಸಲು ಪರಾಗದ ಪುಡಿ ತುಂಬಿಕೊಳ್ಳುವ ಉಂಗುರ ಇನ್ನೂ ಇತ್ತು. ನನ್ನ ಬಾಟಲಿ ಚಾಚಿದರೆ ಮಾಬೂಬಿ ಬೇಡವೆಂದಳು. “ಈಗ ಕುಡದ್ರ ಆಮ್ಯಾಲ ಎಲ್ಲಿ ಹೋಗೂದು? ಸಂಜೀಕ ಮನೀಗೆ ಹೋಗಿ ಕುಡೀತೇವಿ.” ಗಂಡಾಳುಗಳಿಗೆ ಬೇಲಿಯ ಮರೆ ಸಾಕು. ಸಾವ್ಕಾರರ ಜಾತಿಯ ಹೆಣ್ಣಾಳುಗಳಿಗೆ ಮನೆಯ ಹಿತ್ತಲ ಬಾಗಿಲು ತೆರೆಯುತ್ತದೆ. ಕೇರಿಯ ಫಕ್ಕೀರವ್ವನಿಗೂ ಮಾಬೂಬಿಗೂ ಬೇಲಿಯೂ ಇಲ್ಲ, ಬಾಗಿಲೂ ಇಲ್ಲ.

“ವಿಡಿಯೋದಾಗ ಮಾತಾಡಿದ್ದು ಈಕಿ ಅಲ್ರಿ, ನಾನು” ಎಂದೆ.

ಯಾರೂ ನಂಬಲಿಲ್ಲ. “ಆಕಿ ದನಿ ನಮಗ ಗೊತ್ತಿಲ್ಲೇನೋ?” ಎಂದಳು ಮಾಬೂಬಿ.

ನೆಲ ನೋಡುತ್ತ ಆ ಸಾಲನ್ನು ಇನ್ನೊಮ್ಮೆ ಹೇಳಿದೆ: ನಮಗ ಯಾ ಕೊರತೀನೂ ಇಲ್ರಿ. ಬದುಕಿನಲ್ಲಿ ನಾನು ಇಷ್ಟು ಚೆನ್ನಾಗಿ ಅಣಕಿಸಿದ್ದೂ ಇಲ್ಲ, ನನ್ನ ಮೇಲೆ ನನಗೆ ಇಷ್ಟು ಹೇಸಿಕೆಯಾದದ್ದೂ ಇಲ್ಲ. ಮಾಬೂಬಿಯ ಕೈಯ ರೊಟ್ಟಿ ಅಲ್ಲೇ ನಿಂತಿತು. “ಥೂ ನಿನ್ನ” ಎಂದು ತನ್ನ ಬುತ್ತಿ ಎತ್ತಿಕೊಂಡು ಹೋಗಿ ಫಕ್ಕೀರವ್ವನ ಮಗ್ಗುಲಿಗೆ ಕುಳಿತಳು. ಒಬ್ಬೊಬ್ಬರಾಗಿ ಉಳಿದವರೂ ಸರಿದರು. ಖಾರದ ಪೊಟ್ಟಣ ಮಾತ್ರ ನನ್ನ ಕಡೆ ಉಳಿಯಿತು.

ನನ್ನ ಚಾಳಿ ಬಿಡಲಿಲ್ಲ. ಸಾವ್ಕಾರರು ಎಲೆ ಅಗಿಯುತ್ತ ಆಳಿಗೆ ಬೈಯುವುದನ್ನು ಮಾಡಿ ತೋರಿಸಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಕ್ಷಮೆ ಸಿಕ್ಕಿತೆಂದು ಹಿಗ್ಗಿ, “ಅಕ್ಕಾ, ನಿಮ್ಮ ದನಿಯಾಗ ಇನ್ನೊಂದು ವಿಡಿಯೋ ಮಾಡಿ ಖರೇ ಮಾತು ಹಾಕ್ತೇನಿ” ಎಂದೆ. ಫಕ್ಕೀರವ್ವ ಬುತ್ತಿಯ ಅರಿವೆಯನ್ನು ನಿಧಾನವಾಗಿ ಕಟ್ಟಿದಳು.

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಆ ಬಸ್ಸು ನನಗೆ ಸಿಗಲಿಲ್ಲ, ಏಕೆಂದರೆ ಆಕೆ ದೊಡ್ಡ ಮನೆಯ ಕಡೆ ಕೈ ಮಾಡಿ ಹೇಳಿದಳು:

“ತಮ್ಮಾ, ಎಲ್ಲಾರ ದನೀನೂ ತೆಗೀತಿ. ಸಾವ್ಕಾರ್ರು ಒಳಗ ಅದಾರ. ಅವರ ಮುಂದ ನಿನ್ನ ದನಿ ತೆಗಿ, ಕೇಳೂಣು.”